ಬಾಲ್ಕನಿಯ ಬಾವುಟ ಯಾವ ದೇಶದ್ದು?

2022ರ ನವೆಂಬರ್ 1ರ ಬೆಳಿಗ್ಗೆ. ಊರಿಂದ ತಂದಿಟ್ಟಿದ್ದ ಅರಿಶಿನ ಕುಂಕುಮ ಬಣ್ಣದ ಬಾವುಟವನ್ನು ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಬಾಲ್ಕನಿ ಕಂಬಿಗೆ ಕಟ್ಟಿ ಆಫೀಸಿಗೆ ಹೊರಟಿದ್ದೆ. ಕೆಳಗೆ ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಮೂರನೇ ಮಹಡಿಯ ಹುಡುಗ ತಲೆಯೆತ್ತಿ ನೋಡಿ, "ಅಂಕಿಳೇ, ಇದು ಏದ್ ಟೀಮಾ? ಸ್ಪೈನ್ ಆಣೋ?" ಅಂದ.

ತಪ್ಪು ಅವನದಲ್ಲ. ಸ್ಪೇನಿನ ಬಾವುಟವೂ ಕೆಂಪು ಹಳದಿಯದ್ದೇ. ಅಲ್ಲಿ ಮೇಲೆ ಕೆಳಗೆ ಕೆಂಪು, ನಡುವೆ ದುಪ್ಪಟ್ಟು ಅಗಲದ ಹಳದಿ. ಗಾಳಿಗೆ ಸುತ್ತಿಕೊಂಡಾಗ ನಮ್ಮದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದೂ ಅಲ್ಲದೆ ವಿಶ್ವಕಪ್ ಫುಟ್‌ಬಾಲಿಗೆ ಇನ್ನು ಮೂರು ವಾರವೂ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮುಂಭಾಗದಲ್ಲಿ ಆಗಲೇ ಐದು ಅರ್ಜೆಂಟೀನಾ, ನಾಲ್ಕು ಬ್ರೆಜಿಲ್, ಒಂದು ಪೋರ್ಚುಗಲ್ ಹಾರಾಡುತ್ತಿದ್ದವು. "ಇದು ಕರ್ನಾಟಕದ್ದು ಕಣೋ, ಇವತ್ತು ನಮ್ಮ ರಾಜ್ಯೋತ್ಸವ" ಎಂದು ನನ್ನ ಮುರುಕು ಮಲಯಾಳದಲ್ಲಿ ಹೇಳಿದೆ. ಅವನು ಸೌಜನ್ಯದಿಂದ ತಲೆಯಾಡಿಸಿ, "ಕರ್ನಾಟಕ ವರ್ಲ್ಡ್ ಕಪ್ ಆಡುತ್ತಾ?" ಅಂದ. ಅಷ್ಟರಲ್ಲಿ ಬಸ್ಸು ಬಂತು.

ಅಂದು ಅವನಿಗೂ ಹಬ್ಬವೇ. 1956ರ ನವೆಂಬರ್ 1ರಂದು ಕೇರಳವೂ ನಮ್ಮ ರಾಜ್ಯವೂ ಒಟ್ಟಿಗೆ ಹುಟ್ಟಿದವು. ಅದೇ ದಿನ ಕಾಸರಗೋಡು ಗೆರೆಯ ಆ ಕಡೆ ಉಳಿಯಿತು. ಆದರೆ ಕೇರಳದವರು ಆ ದಿನ ಕಸವು ಸೀರೆ, ಪಂಚೆ ಉಟ್ಟು ಆಫೀಸಿಗೆ ಬರುತ್ತಾರೆಯೇ ಹೊರತು ಬಾವುಟ ಕಟ್ಟುವುದಿಲ್ಲ. ಮ. ರಾಮಮೂರ್ತಿಯವರು ಅರವತ್ತರ ದಶಕದಲ್ಲಿ ಕೊಟ್ಟುಹೋದ ಆ ಎರಡು ಬಣ್ಣದ ಬಟ್ಟೆಯ ಅಭ್ಯಾಸ ನಮಗೆ ಮಾತ್ರ.

ರಾತ್ರಿ ಊಟಕ್ಕೆ ಕೂತಾಗ ಮಗಳು, ಆಗ ಅವಳಿಗೆ ಆರು ವರ್ಷ, ಕೇಳಿದಳು: "ಅಪ್ಪಾ, ಎಲ್ಲರ ಮನೇಲೂ ಒಂದು ಟೀಮ್ ಇದೆ. ನಮ್ಮದು ಯಾವುದು?" ಭಾರತ ಈ ವಿಶ್ವಕಪ್ಪಿನಲ್ಲಿ ಆಡುವುದಿಲ್ಲ ಎಂದೆ. "ಅದು ಗೊತ್ತು. ನಮ್ಮದು ಯಾವುದು?"

ನಾನು ಎಂಟು ವರ್ಷದಿಂದ ಅರ್ಜೆಂಟೀನಾ ಅಂಗಿ ತೊಡುತ್ತಿದ್ದವನು. ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಮೆಸ್ಸಿ, ಮರಡೋನಾ ಎಂಬ ಎರಡು ಹೆಸರು. ಬಾವುಟದ ನಡುವೆ ಸೂರ್ಯನಿಗೆ ಯಾಕೆ ಕಣ್ಣು ಮೂಗು ಇದೆ ಎಂದು ಅವಳು ಕೇಳಿದಾಗ ಉತ್ತರವಿರಲಿಲ್ಲ. ಮುಂದಿನ ಭಾನುವಾರ ಭೂಪಟ ಹರವಿಕೊಂಡು ಕೂತೆವು. ಹಾಗೆ ಶುರುವಾದದ್ದು ನಮ್ಮ ಮನೆಯ ದಕ್ಷಿಣ ಅಮೆರಿಕ ನೋಟ್‌ಬುಕ್.

ಕೇರಳದ ಫುಟ್‌ಬಾಲ್ ಹುಚ್ಚನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಆ ವರ್ಷ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ನಿಲ್ಲಿಸಿದ ಮೆಸ್ಸಿ, ನೇಮಾರ್ ಕಟೌಟುಗಳ ಚಿತ್ರ ಫೀಫಾದ ಕಣ್ಣಿಗೂ ಬಿತ್ತು. ಕೊಚ್ಚಿ ಹತ್ತಿರದ ಮುಂಡಕ್ಕಮುಗಳಿನಲ್ಲಿ 17 ಮಂದಿ ಸೇರಿ, ಒಟ್ಟಿಗೆ ಕೂತು ಪಂದ್ಯ ನೋಡಲೆಂದೇ 23 ಲಕ್ಷ ರೂಪಾಯಿಗೆ ಒಂದು ಮನೆ ಕೊಂಡು, ಗೋಡೆಗಳಿಗೆ ಬ್ರೆಜಿಲ್, ಅರ್ಜೆಂಟೀನಾ, ಪೋರ್ಚುಗಲ್ ಬಣ್ಣ ಬಳಿದರು. ಡಿಸೆಂಬರಿನಲ್ಲಿ ಅರ್ಜೆಂಟೀನಾ ಗೆದ್ದಾಗ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಸಾಮಾಜಿಕ ಜಾಲತಾಣದಲ್ಲಿ ಧನ್ಯವಾದ ಹೇಳುವಾಗ ಬಾಂಗ್ಲಾದೇಶ, ಭಾರತ, ಪಾಕಿಸ್ತಾನಗಳ ಸಾಲಿನಲ್ಲಿ ಕೇರಳದ ಹೆಸರನ್ನು ಬೇರೆಯಾಗಿಯೇ ಹಾಕಿತು. ನಮ್ಮ ಕಟ್ಟಡದಲ್ಲಿ ಅದನ್ನು ಪ್ರಿಂಟ್ ತೆಗೆದು ಲಿಫ್ಟಿನಲ್ಲಿ ಅಂಟಿಸಿದ್ದರು.

ಬಾವುಟ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಅದೇ ನವೆಂಬರಿನಲ್ಲಿ ಉದಾಹರಣೆ ಸಿಕ್ಕಿತು. ಕಣ್ಣೂರು ಜಿಲ್ಲೆಯ ಪಾನೂರಿನಲ್ಲಿ ಒಬ್ಬರು ರಸ್ತೆಬದಿಯ ಪೋರ್ಚುಗಲ್ ಬಾವುಟವನ್ನು ತಮಗಾಗದ ರಾಜಕೀಯ ಪಕ್ಷವೊಂದರ ಧ್ವಜವೆಂದು ತಿಳಿದು ಹರಿದುಹಾಕಿ ಪೊಲೀಸ್ ಕೇಸು ಹಾಕಿಸಿಕೊಂಡರು. ಇನ್ನೊಂದು ಕಡೆ, ಪೋರ್ಚುಗೀಸರು ನಮ್ಮ ಮೇಲೆ ದಾಳಿ ಮಾಡಿದವರು, ಅವರ ಬಾವುಟ ಹಿಡಿಯಬಾರದು ಎಂದು ಧಾರ್ಮಿಕ ನಾಯಕರೊಬ್ಬರು ಹೇಳಿದರು. ಒಬ್ಬರಿಗೆ ಅದು ಯಾವ ದೇಶದ್ದೆಂದು ಗೊತ್ತಿರಲಿಲ್ಲ, ಇನ್ನೊಬ್ಬರಿಗೆ ಐನೂರು ವರ್ಷದ ಹಿಂದಿನದೂ ಮರೆತಿರಲಿಲ್ಲ. ನನಗೆ ಇಬ್ಬರ ಮೇಲೂ ಕೋಪ ಬರಲಿಲ್ಲ, ಎರಡನೆಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೋಟ್‌ಬುಕ್. ದಕ್ಷಿಣ ಅಮೆರಿಕದಲ್ಲಿ ಸ್ವತಂತ್ರ ದೇಶಗಳು 12. ಅದರಲ್ಲಿ ಬ್ರೆಜಿಲ್ ಒಂದೇ ಖಂಡದ ಅರ್ಧಕ್ಕೆ ಹತ್ತಿರ, ಸುಮಾರು 85 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಎರಡೂವರೆ ಪಟ್ಟು. ಜನ ಮಾತ್ರ 20 ಕೋಟಿ ಚಿಲ್ಲರೆ. ಉಳಿದ ದೇಶಗಳ ಜನಸಂಖ್ಯೆ ನೋಡಿದಾಗ ನಾನೇ ಬೆರಗಾದೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನ 6.11 ಕೋಟಿ. ಬ್ರೆಜಿಲ್ ಬಿಟ್ಟರೆ ಆ ಖಂಡದ ಯಾವ ದೇಶದಲ್ಲೂ ಅಷ್ಟು ಜನರಿಲ್ಲ. ಅರ್ಜೆಂಟೀನಾದ್ದು 4.6 ಕೋಟಿಯ ಆಸುಪಾಸು. ಪೆರು ಹೆಚ್ಚುಕಡಿಮೆ ಒಂದು ಕೇರಳ. 1930ರಲ್ಲಿ ಮೊದಲ ವಿಶ್ವಕಪ್ಪನ್ನು ತನ್ನ ನೆಲದಲ್ಲೇ ನಡೆಸಿ ಗೆದ್ದ ಉರುಗ್ವೆಯ ಜನ ಸುಮಾರು 35 ಲಕ್ಷ, ಅಂದರೆ ಒಂದು ತಿರುವನಂತಪುರ ಜಿಲ್ಲೆ. "ಹಾಗಾದ್ರೆ ತಿರುವನಂತಪುರ ಯಾಕೆ ವರ್ಲ್ಡ್ ಕಪ್ ಆಡಲ್ಲ?" ಎಂದು ಮಗಳು ಕೇಳಿದಳು. ಭಾರತದ ಫುಟ್‌ಬಾಲ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕಳಿಸಬಹುದು.

ಬ್ರೆಜಿಲ್ ಬಾವುಟದ ಹಸಿರು ಕಾಡಿಗೆ, ಹಳದಿ ಚಿನ್ನಕ್ಕೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಆಮೇಲೆ ಬಂದ ಅರ್ಥ. ಮೂಲದಲ್ಲಿ ಹಸಿರು ಅಲ್ಲಿನ ಚಕ್ರವರ್ತಿಯ ಬ್ರಗಾಂಜಾ ಮನೆತನದ ಬಣ್ಣ, ಹಳದಿ ಅವನ ಹೆಂಡತಿಯ ಹ್ಯಾಬ್ಸ್‌ಬರ್ಗ್ ಮನೆತನದ್ದು. ನನಗೆ ಹಿಡಿಸಿದ್ದು ನಡುವಿನ ನೀಲಿ ಗೋಳ. ಅದು 1889ರ ನವೆಂಬರ್ 15ರಂದು, ಗಣರಾಜ್ಯ ಘೋಷಣೆಯಾದ ಬೆಳಿಗ್ಗೆ, ರಿಯೊ ಡಿ ಜನೈರೊದ ಮೇಲಿದ್ದ ಆಕಾಶ. 27 ನಕ್ಷತ್ರ, 26 ರಾಜ್ಯ ಮತ್ತು ರಾಜಧಾನಿ ಪ್ರದೇಶಕ್ಕೆ ಒಂದೊಂದು. ಚುಕ್ಕಿಗಳನ್ನು ಸುಮ್ಮನೆ ಚೆಲ್ಲಿಲ್ಲ. ಪ್ರತಿಯೊಂದೂ ನಿಜವಾದ ನಕ್ಷತ್ರ, ಪ್ರತಿಯೊಂದಕ್ಕೂ ಒಂದು ರಾಜ್ಯ ಗೊತ್ತು. "ಶಿಸ್ತು ಮತ್ತು ಪ್ರಗತಿ" ಎಂಬ ಅರ್ಥದ ಮಾತು ಬರೆದ ಬಿಳಿ ಪಟ್ಟಿಯ ಮೇಲೆ ಒಂಟಿಯಾಗಿರುವುದು ಸ್ಪೈಕಾ, ನಮ್ಮ ಪಂಚಾಂಗದ ಚಿತ್ತಾ ನಕ್ಷತ್ರ. ಬಲಗಡೆ ಬಾಲ ಬಾಗಿಸಿ ಕೂತಿರುವುದು ವೃಶ್ಚಿಕ ರಾಶಿ, ಅದರಲ್ಲಿ ಜ್ಯೇಷ್ಠಾ ಇದೆ, ಮೂಲಾ ಇದೆ. ಲುಬ್ಧಕನಿದ್ದಾನೆ, ಅಗಸ್ತ್ಯನೂ ಇದ್ದಾನೆ. ತುಮಕೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು. ಅಮ್ಮನ ಜನ್ಮನಕ್ಷತ್ರ ಜ್ಯೇಷ್ಠಾ. "ಹಾಗಿದ್ರೆ ನಾನು ಬ್ರೆಜಿಲ್" ಎಂದು ಅಮ್ಮ ಅಲ್ಲೇ ಘೋಷಿಸಿಬಿಟ್ಟರು. ಫುಟ್‌ಬಾಲನ್ನು ಅವರು ಜನ್ಮದಲ್ಲಿ ನೋಡಿದವರಲ್ಲ.

ಅರ್ಜೆಂಟೀನಾದ ಬಾವುಟಕ್ಕೆ ಹುಟ್ಟೂರಿದೆ. 1812ರ ಫೆಬ್ರವರಿ 27ರಂದು ಪರಾನಾ ನದಿಯ ದಡದ ರೊಸಾರಿಯೊದಲ್ಲಿ ಮಾನುಯೆಲ್ ಬೆಲ್‌ಗ್ರಾನೊ ತನ್ನ ಪಡೆಯ ಮುಂದೆ ಅದನ್ನು ಮೊದಲು ಹಾರಿಸಿದ. ಕಣ್ಣು ಮೂಗಿನ ಸೂರ್ಯ ಬಂದದ್ದು 1818ರಲ್ಲಿ. ಅದು "ಮೇ ಸೂರ್ಯ", 1810ರ ಮೇ ಕ್ರಾಂತಿಯ ನೆನಪು. ಇಂಕಾ ಜನರ ಸೂರ್ಯದೇವರ ಮುಖ ಅದು. 32 ಕಿರಣಗಳಲ್ಲಿ 16 ನೇರ, 16 ಬಳುಕು. ಇದೇ ರೊಸಾರಿಯೊದಲ್ಲಿ 1928ರಲ್ಲಿ ಚೆ ಗೆವಾರ ಹುಟ್ಟಿದ, 1987ರಲ್ಲಿ ಮೆಸ್ಸಿ. ಕೇರಳದ ಯಾವ ಊರಿಗೆ ಹೋದರೂ ಗೋಡೆಯ ಮೇಲೆ ಕಾಣಿಸುವ ಇಬ್ಬರು ವಿದೇಶಿಯರು ಒಂದೇ ಊರಿನವರು! ಇದನ್ನು ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದಾಗ ಪಕ್ಕಾ ಅರ್ಜೆಂಟೀನಾ ಅಭಿಮಾನಿಯೂ ಪಕ್ಕಾ ಕಾಮ್ರೇಡೂ ಆದ ನನ್ನ ಸಹೋದ್ಯೋಗಿಗೇ ಗೊತ್ತಿರಲಿಲ್ಲ.

ಕೊಲಂಬಿಯಾ, ಈಕ್ವೆಡಾರ್, ವೆನೆಜುವೆಲಾ ಮೂರರದ್ದೂ ಹಳದಿ, ನೀಲಿ, ಕೆಂಪು. ಬೊಲಿವಾರನ ಕಾಲದಲ್ಲಿ ಒಂದೇ ದೇಶವಾಗಿದ್ದು ಬೇರೆ ಹೋದ ಅಣ್ಣತಮ್ಮಂದಿರು, ಆಸ್ತಿ ಪಾಲಾದರೂ ಬಣ್ಣ ಪಾಲಾಗಲಿಲ್ಲ. ಚಿಲಿಯದ್ದು ಒಂಟಿ ನಕ್ಷತ್ರ. ಪೆರುವಿನದ್ದು ಕೆಂಪು, ಬಿಳಿ, ಕೆಂಪು ಉದ್ದಪಟ್ಟೆ. ಉರುಗ್ವೆಯ ಒಂಬತ್ತು ಪಟ್ಟೆ ಮೊದಲಿದ್ದ ಒಂಬತ್ತು ಪ್ರಾಂತಗಳಿಗೆ. ಬೊಲಿವಿಯಾ 2009ರ ಸಂವಿಧಾನದಲ್ಲಿ ತನ್ನ ಮೂರು ಬಣ್ಣದ ಧ್ವಜದ ಜೊತೆಗೆ ಆಂಡಿಸ್ ಪರ್ವತದ ಮೂಲನಿವಾಸಿಗಳ ವಿಫಾಲಾ ಎಂಬ ಏಳು ಬಣ್ಣದ ಚೌಕುಳಿ ಬಾವುಟಕ್ಕೂ ಸಮಾನ ಸ್ಥಾನ ಕೊಟ್ಟಿತು. ಅದೇ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆ 36 ಮೂಲನಿವಾಸಿ ಭಾಷೆಗಳು ಅಧಿಕೃತ. ನಮ್ಮ ಎಂಟನೇ ಪರಿಚ್ಛೇದದಲ್ಲಿ ಇರುವುದು 22. ತುಳುವಿನವರು, ಕೊಡವ ತಕ್ಕಿನವರು ಈ ಸಾಲನ್ನು ಎರಡು ಸಲ ಓದಬಹುದು.

ಫುಟ್‌ಬಾಲ್ ಅಭಿಮಾನಿಗಳ ಲೆಕ್ಕದಲ್ಲಿ ಖಂಡದಲ್ಲಿರುವುದು ಹತ್ತೇ ದೇಶ. ಗಯಾನಾ, ಸುರಿನಾಮ್ ಉತ್ತರ ಅಮೆರಿಕ ಮತ್ತು ಕೆರಿಬಿಯನ್ ಗುಂಪಿನಲ್ಲಿ ಆಡುತ್ತವೆ. ಹಾಗಾಗಿ ಅವುಗಳ ಬಾವುಟ ಕೊಚ್ಚಿಯ ಯಾವ ಅಂಗಡಿಯಲ್ಲೂ ನನಗೆ ಕಂಡಿಲ್ಲ. ಆದರೆ ನಮಗೆ ಹತ್ತಿರದ ಎರಡು ದೇಶ ಅವೇ. 1838ರಿಂದ ಗಯಾನಾಕ್ಕೆ, 1873ರಿಂದ ಸುರಿನಾಮ್‌ಗೆ ಕಬ್ಬಿನ ತೋಟದ ಕೆಲಸಕ್ಕೆ ಹಡಗು ಹತ್ತಿದ ಭಾರತೀಯರ ಮೊಮ್ಮಕ್ಕಳು ಇವತ್ತು ಅಲ್ಲಿನ ದೊಡ್ಡ ಸಮುದಾಯಗಳು. ಕನ್‌ಹಾಯ್, ಚಂದ್ರಪಾಲ್ ಆ ಕಡೆಯವರೇ. ಗಯಾನಾದ ಕ್ರಿಕೆಟಿಗರು ವೆಸ್ಟ್ ಇಂಡೀಸ್ ಬಾವುಟದಡಿ ಆಡುತ್ತಾರೆ, ತಮ್ಮ ಚಿನ್ನದ ಬಾಣದ ತಲೆಯ ಬಾವುಟದಡಿ ಅಲ್ಲ. 2018ರ ನವೆಂಬರ್ 1ರಂದು, ಮತ್ತೆ ಅದೇ ದಿನ ನೋಡಿ, ತಿರುವನಂತಪುರದ ಗ್ರೀನ್‌ಫೀಲ್ಡ್ ಮೈದಾನದಲ್ಲಿ ವೆಸ್ಟ್ ಇಂಡೀಸ್ 104ಕ್ಕೆ ಆಲೌಟಾದದ್ದನ್ನು ನಾನು ಕಣ್ಣಾರೆ ಕಂಡೆ. ಗಯಾನಾದ ಹೆಟ್‌ಮೆಯರ್ ಆ ತಂಡದಲ್ಲಿದ್ದ. ರಾಜ್ಯೋತ್ಸವದ ದಿನವೆಂದು ನಮ್ಮ ಗುಂಪಿನ ಒಬ್ಬ ಕನ್ನಡ ಬಾವುಟ ತಂದಿದ್ದ. ಅಲ್ಲಿ ಅದನ್ನು ಯಾರೂ ಸ್ಪೇನ್ ಅನ್ನಲಿಲ್ಲ, ಆರ್‌ಸಿಬಿ ಅಂದರು.

ಸುರಿನಾಮಿನ ಜನ ಸುಮಾರು 6 ಲಕ್ಷ, ಕೊಚ್ಚಿ ನಗರಪಾಲಿಕೆಯಷ್ಟೇ. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡರು. ನಾಲ್ಕು ವರ್ಷದ ಬಳಿಕ ಸುರಿನಾಮ್ ಅವರ ಕೈಗೆ ಬಂತು. 1795ರಲ್ಲಿ ಬ್ರಿಟಿಷರು ಬರುವವರೆಗೆ ಕೊಚ್ಚಿ ಕೋಟೆಯ ಮೇಲೂ ಅಟ್ಲಾಂಟಿಕ್ ದಂಡೆಯ ಪರಮಾರಿಬೊ ಕೋಟೆಯ ಮೇಲೂ ಡಚ್ಚರೇ ಬಾವುಟ ಹಾರಿಸುತ್ತಿದ್ದರು. ಇಲ್ಲಿ ಡಚ್ ಭಾಷೆಯ ಕುರುಹು ಕಲ್ಲಿನ ಗೋರಿಗಳ ಮೇಲೆ ಉಳಿದಿದೆ. ಅಲ್ಲಿ ಅದು ಇಂದಿಗೂ ಆಡಳಿತ ಭಾಷೆ.

ಈಗ ಆ ಧಾರ್ಮಿಕ ನಾಯಕರ ಮಾತಿಗೆ ಬರುತ್ತೇನೆ. ಒಂದು ಭಾನುವಾರ ಫೋರ್ಟ್ ಕೊಚ್ಚಿಗೆ ಹೋಗಿದ್ದಾಗ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ್ದ ಜಾಗವನ್ನು ಮಗಳಿಗೆ ತೋರಿಸುತ್ತಿದ್ದೆ. ಎಲ್ಲರಿಗೂ ಗಾಮ ಗೊತ್ತು. ಆದರೆ ಕೊಚ್ಚಿಗೆ ಮೊದಲು ಬಂದ ಪೋರ್ಚುಗೀಸ್ ನಾಯಕ ಅವನಲ್ಲ, ಪೆಡ್ರೊ ಆಲ್ವಾರಿಸ್ ಕಬ್ರಾಲ್. 1500ರ ಮಾರ್ಚ್ 9ರಂದು ಲಿಸ್ಬನ್ ಬಿಟ್ಟಾಗ ಅವನ ಬಳಿ 13 ಹಡಗುಗಳಿದ್ದವು. ಗಾಳಿ ಹಿಡಿಯಲು ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಬಹಳ ದೂರ ಸರಿದು ಏಪ್ರಿಲ್ 22ರಂದು ಅವನು ಕಂಡ ನೆಲವೇ ಬ್ರೆಜಿಲ್. ಸುದ್ದಿ ಹೇಳಲು ಒಂದು ಹಡಗನ್ನು ವಾಪಸು ಕಳಿಸಿ ಉಳಿದವರು ಮುಂದುವರಿದರು. ಆಫ್ರಿಕಾದ ತುದಿಯ ಬಿರುಗಾಳಿಗೆ ನಾಲ್ಕು ಹಡಗು ಹೋದವು. ಸೆಪ್ಟೆಂಬರಿನಲ್ಲಿ ಕೋಝಿಕ್ಕೋಡ್ ಸೇರಿದರು, ಅಲ್ಲಿ ಸಾಮೂದಿರಿಯ ಊರಿನಲ್ಲಿ ಜಗಳ, ಹೆಣ, ಕೊನೆಗೆ ಊರಿನ ಮೇಲೆ ಫಿರಂಗಿ. ಅಲ್ಲಿಂದ ತಪ್ಪಿಸಿಕೊಂಡು ಡಿಸೆಂಬರ್ 24ರಂದು ಕೊಚ್ಚಿಗೆ ಬಂದರು, ಕರಿಮೆಣಸು ತುಂಬಿಕೊಂಡರು.

ಅಂದರೆ ಬ್ರೆಜಿಲ್ ತೀರದಲ್ಲಿ ಲಂಗರು ಹಾಕಿದ ಅದೇ ಹಡಗುಗಳು ಅದೇ ವರ್ಷ ಕೊಚ್ಚಿಯಲ್ಲೂ ಲಂಗರು ಹಾಕಿದವು. ಈಗ ಇಲ್ಲಿನ ಬೀದಿಗಳಲ್ಲಿ ಹಾರುವ ಹಳದಿ ಹಸಿರು ಬಾವುಟಕ್ಕೂ ಈ ಊರಿಗೂ ನಡುವೆ ಎಂಟು ತಿಂಗಳ ಸಮುದ್ರಯಾನ ಅಷ್ಟೇ. ಆ ಸಂಬಂಧ ಪ್ರೀತಿಯಿಂದ ಆದದ್ದಲ್ಲ. ಎರಡೂ ದಡದವರು ಅದಕ್ಕೆ ಬೆಲೆ ತೆತ್ತಿದ್ದಾರೆ, ಆ ದಡದವರು ನಮಗಿಂತ ಬಹಳ ಹೆಚ್ಚು.

ಆದರೆ ಅದೇ ದಾರಿಯಲ್ಲಿ ಏನೇನು ಬಂತು ನೋಡಿ. ಗೇರು ಬ್ರೆಜಿಲಿನದ್ದು. ಅಲ್ಲಿನ ತುಪಿ ಜನರ "ಅಕಾಜು" ಪೋರ್ಚುಗೀಸರ ಬಾಯಲ್ಲಿ "ಕಾಜು" ಆಗಿ ನಮ್ಮ ಕಾಜು ಬರ್ಫಿಯವರೆಗೆ ಬಂದಿದೆ. ಮಲಯಾಳದಲ್ಲಿ ಗೇರುಮರಕ್ಕೆ ಪರಂಗಿಮಾವು ಎಂಬ ಹೆಸರೂ ಇದೆ. ಪರಂಗಿಯವರು ತಂದ ಮಾವು! ನಮ್ಮ ಹಳೇ ಮೈಸೂರಿನ ಕಡೆ ಆ ಪಟ್ಟ ಪರಂಗಿಹಣ್ಣಿಗೆ ಸಿಕ್ಕಿದೆ. ಅದು ಮಧ್ಯ ಅಮೆರಿಕದ ಹಣ್ಣು. ಕೇರಳದ ಕೆಲವು ಕಡೆ ಅದೇ ಹಣ್ಣು ಕಪ್ಪಳಂಗ, ಕಡಲೆಕಾಯಿ ಕಪ್ಪಲಂಡಿ. ಕಪ್ಪಲ್ ಎಂದರೆ ಹಡಗು. ಹಡಗಿನಲ್ಲಿ ಬಂದದ್ದೆಂದು ಹೆಸರೇ ಹೇಳುತ್ತದೆ. ಬಸವನಗುಡಿಯ ಪರಿಷೆಯಲ್ಲಿ ರಾಶಿ ಹಾಕುವ ಕಡಲೆಕಾಯಿ, ಹಾಸನದ ಆಲೂಗಡ್ಡೆ ಎರಡೂ ದಕ್ಷಿಣ ಅಮೆರಿಕದವೇ ಎಂದರೆ ಮಗಳು ನಂಬಲಿಲ್ಲ, ಅಮ್ಮನಂತೂ ಖಂಡಿತ ಒಪ್ಪಲಿಲ್ಲ.

ತಿರುವನಂತಪುರದಲ್ಲಿ ನಾವು ಐದು ವರ್ಷ ಶ್ರೀಕಾರ್ಯಂ ಬಳಿ ಮನೆ ಮಾಡಿಕೊಂಡಿದ್ದೆವು. ಟೆಕ್ನೋಪಾರ್ಕಿಗೆ ಹೋಗುವ ದಾರಿಯಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ಬೋರ್ಡನ್ನು ದಿನಾ ನೋಡುತ್ತಿದ್ದೆ. 1963ರಲ್ಲಿ ಶುರುವಾದ ಆ ಸಂಸ್ಥೆಯ ಮುಖ್ಯ ಬೆಳೆ ಮರಗೆಣಸು, ಮಲಯಾಳಿಗಳ ಕಪ್ಪ. ಮೀನು ಸಾರಿನ ಜೊತೆ ಬೇಯಿಸಿದ ಕಪ್ಪ ತಿನ್ನುವಾಗ ಇದಕ್ಕಿಂತ ಅಪ್ಪಟ ಕೇರಳದ ಊಟ ಇನ್ನೊಂದಿಲ್ಲ ಎನ್ನಿಸುತ್ತದೆ. ಅದೂ ಬ್ರೆಜಿಲ್ ಕಡೆಯದೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ ಅದನ್ನು ಬೆಳೆಯಲು ಜನರಿಗೆ ಒತ್ತಾಯ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ತಿರುವಾಂಕೂರಿನ ಬಡವರ ಹೊಟ್ಟೆ ಹಿಡಿದದ್ದು ಕಪ್ಪ. ರಬ್ಬರಿನ ಕಥೆಯೂ ಹೀಗೆಯೇ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಅಮೆಜಾನ್ ಕಾಡಿನಿಂದ ಸಾವಿರಾರು ಬೀಜ ಸಾಗಿಸಿದ, 1902ರ ಹೊತ್ತಿಗೆ ಪೆರಿಯಾರ್ ದಡದ ತಟ್ಟೇಕ್ಕಾಡಿನಲ್ಲಿ ತೋಟ ಎದ್ದಿತ್ತು. ಇವತ್ತು ಕೊಟ್ಟಾಯಂ ಕಡೆಯ ಎಷ್ಟೋ ಮನೆಗಳ ಮಕ್ಕಳ ಎಂಜಿನಿಯರಿಂಗ್ ಫೀಸು ಆ ಮರದ ಹಾಲಿನಿಂದ ಬಂದದ್ದು. ನನ್ನ ತಂಡದಲ್ಲೇ ಇಬ್ಬರಿದ್ದಾರೆ.

ಕಳೆದ ವರ್ಷ, 2025ರ ನವೆಂಬರಿನಲ್ಲಿ, ಅರ್ಜೆಂಟೀನಾ ತಂಡ ಕೊಚ್ಚಿಗೆ ಬಂದು ಕಲೂರಿನ ಮೈದಾನದಲ್ಲಿ ಆಡುತ್ತದೆ ಎಂದು ಊರೆಲ್ಲ ಸಡಗರವಾಗಿತ್ತು. 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಹುಡುಗರು ಸ್ಪೇನನ್ನು 2-1ರಿಂದ ಸೋಲಿಸಿದ ಮೈದಾನ ಅದು. ಮೆಸ್ಸಿ ಬರಲಿಲ್ಲ. ಪಂದ್ಯ ಮುಂದಕ್ಕೆ ಹೋಯಿತು ಎಂದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಹೊಲಿಸಿದ್ದ ಉದ್ದನೆಯ ಬಾವುಟ ಮಡಿಸಿ ಒಳಗೆ ಹೋಯಿತು. ಅದೇ ತಿಂಗಳ ಒಂದನೇ ತಾರೀಖು ನಾನು ಎಂದಿನಂತೆ ನಮ್ಮದನ್ನು ಕಟ್ಟಿದೆ. ಮೂರನೇ ಮಹಡಿಯ ಹುಡುಗ ಈಗ ಮೀಸೆ ಬರುತ್ತಿರುವವನು. ಕೆಳಗಿನಿಂದಲೇ "ಹ್ಯಾಪಿ ರಾಜ್ಯೋತ್ಸವ, ಅಂಕಿಳೇ" ಅಂದ. ನಾನು "ಕೇರಳಪ್ಪಿರವಿ ಆಶಂಸಗಳ್" ಅಂದೆ.

ಈ ಜೂನ್ 11ಕ್ಕೆ ಮತ್ತೆ ವಿಶ್ವಕಪ್ ಶುರು. ದಕ್ಷಿಣ ಅಮೆರಿಕದಿಂದ ನೇರವಾಗಿ ಅರ್ಹತೆ ಪಡೆದದ್ದು ಆರು ತಂಡ: ಅರ್ಜೆಂಟೀನಾ, ಬ್ರೆಜಿಲ್, ಉರುಗ್ವೆ, ಕೊಲಂಬಿಯಾ, ಈಕ್ವೆಡಾರ್ ಮತ್ತು ಹದಿನಾರು ವರ್ಷದ ಬಳಿಕ ಪರಗ್ವೆ. ನಾಲ್ಕು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಮಗಳು ತಾನೇ ಉತ್ತರ ಕಂಡುಕೊಂಡಿದ್ದಾಳೆ. ನಾನು ಅರ್ಜೆಂಟೀನಾ, ಅಜ್ಜಿ ಬ್ರೆಜಿಲ್, ಅವಳು ಪರಗ್ವೆ. ಇಡೀ ಕಟ್ಟಡದಲ್ಲಿ ಪರಗ್ವೆಗೆ ಅವಳೊಬ್ಬಳೇ. ಆ ದೇಶದಲ್ಲಿ ಸ್ಪ್ಯಾನಿಷ್ ಜೊತೆ ಗ್ವಾರಾನಿಯೂ 1992ರ ಸಂವಿಧಾನದಿಂದ ಅಧಿಕೃತ ಭಾಷೆ. ಮೂಲನಿವಾಸಿಗಳಲ್ಲದವರೂ ಮನೆಯಲ್ಲಿ ಗ್ವಾರಾನಿ ಮಾತಾಡುತ್ತಾರಂತೆ ಎಂದು ನಾನು ಉತ್ಸಾಹದಿಂದ ಹೇಳಿದೆ. ಕಾರಣ ಅದಲ್ಲ ಎಂದಳು. ಜಗತ್ತಿನ ರಾಷ್ಟ್ರಧ್ವಜಗಳಲ್ಲಿ ಎರಡು ಮಗ್ಗುಲಿಗೂ ಬೇರೆ ಬೇರೆ ಚಿತ್ರವಿರುವುದು ಪರಗ್ವೆಯದ್ದು ಮಾತ್ರ. ಮುಂದೆ ದೇಶದ ಲಾಂಛನದ ನಕ್ಷತ್ರ, ಹಿಂದೆ ಖಜಾನೆಯ ಮುದ್ರೆಯ ಸಿಂಹ.

ಕಳೆದ ಶನಿವಾರ ಎರ್ನಾಕುಳಂನ ಬ್ರಾಡ್‌ವೇಯಲ್ಲಿ ಬಾವುಟ ಹೊಲಿಯುವ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಚೇಟ್ಟನ್ ಅವಳ ನೋಟ್‌ಬುಕ್ಕಿನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರ್ಜೆಂಟೀನಾ ಬೇಕಾದರೆ ಈಗಲೇ ಕೊಡುತ್ತೇನೆ, ಬ್ರೆಜಿಲ್ ಕೂಡ ರೆಡಿ ಇದೆ ಎಂದರು. ಅವಳು ಬೇಡ ಅಂದಳು. ಎರಡು ಕಡೆ ಬೇರೆ ಬೇರೆ ಆದರೆ ಎರಡು ಬಟ್ಟೆ ಸೇರಿಸಿ ಹೊಲಿಯಬೇಕು ಮೋಳೇ, ದುಡ್ಡು ದುಪ್ಪಟ್ಟು, ಗಾಳಿಗೆ ಚೆನ್ನಾಗಿ ಹಾರುವುದೂ ಇಲ್ಲ, ಭಾರ ಆಗುತ್ತದೆ ಎಂದರು. ಅವಳು ನನ್ನ ಮುಖ ನೋಡಿದಳು. ಮುಂಗಡ ಕೊಟ್ಟು ಬಂದಿದ್ದೇವೆ.